ಬಿಸಿಲಿಗಿಟ್ಟ ಗೂಡೆ

ನನ್ನ ಮಗಳಿಗೆ ಮೂರು ತಿಂಗಳು ತುಂಬುವವರೆಗೆ ನಾನು ಅವಳಿಗೆ ಒಂದು ಸಲವೂ ನೀರು ಹಾಕಿರಲಿಲ್ಲ. ಹೆತ್ತವಳು ನಾನು, ಹಾಲು ಕುಡಿಸುವವಳು ನಾನು, ಉಳಿದದ್ದೆಲ್ಲ ನನ್ನ ಅತ್ತೆಯದು. ಎಣ್ಣೆ ಹಚ್ಚಿ, ನೀರು ಹಾಕಿ, ಹೊಗೆ ಕೊಟ್ಟು, ಬಟ್ಟೆ ಸುತ್ತಿ, ಎಲ್ಲ ಮುಗಿದ ಮೇಲೆ ಮಗುವನ್ನು ನನ್ನ ಮಡಿಲಿಗೆ ಹಾಕಿ "ಹೂಂ, ಕುಡ್ಸು" ಎನ್ನುತ್ತಿದ್ದರು. ಕುಡಿಸಿ ಆಯಿತೋ, ವಾಪಸು ಎತ್ತಿಕೊಂಡು ಹೋಗುತ್ತಿದ್ದರು. ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿಗೂ ನನಗೂ ಏನು ವ್ಯತ್ಯಾಸ ಎಂದು ಸಿಟ್ಟು ಬರುತ್ತಿತ್ತು. ಆದರೆ ಆ ಸಿಟ್ಟನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಯಾಕೆಂದರೆ ನಿಜಕ್ಕೂ ನನಗೆ ಏನೂ ಬರುತ್ತಿರಲಿಲ್ಲ.

ನನಗೆ ಆರು ವರ್ಷವಾಗಿದ್ದಾಗಲೇ ಅಮ್ಮ ತೀರಿಕೊಂಡಿದ್ದಳು. ನನ್ನ ಬೆನ್ನಿಗೆ ಯಾರೂ ಹುಟ್ಟಿರಲಿಲ್ಲ. ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ಅಪ್ಪನ ಜೊತೆ ಬೆಳೆದೆ. ರಾಗಿ ಬೀಸುವುದು, ಹಾಲು ಕರೆಯುವುದು, ಹತ್ತು ಜನಕ್ಕೆ ಮುದ್ದೆ ತೊಳಸುವುದು ಎಲ್ಲ ಬರುತ್ತಿತ್ತು. ಎಳೆಗೂಸನ್ನು ಮಾತ್ರ ಕೈಯಲ್ಲಿ ಹಿಡಿದವಳಲ್ಲ. ಮದುವೆ ಮಾಡಿ ಕಳಿಸಿದ್ದು ಕುಶಾಲನಗರದ ಹತ್ತಿರಕ್ಕೆ. ನಮ್ಮವರ ಮನೆಯವರೂ ಮೂಲದಲ್ಲಿ ಹಾಸನದವರೇ, ಹಿಂದೆ ಯಾವಾಗಲೋ ಹೊಳೆ ದಾಟಿ ಬಂದು ಬೇಸಾಯಕ್ಕೆ ನಿಂತವರು. ಆಗ ಹೊಳೆಯ ಆಚೆ ಮೈಸೂರು ರಾಜ್ಯ, ಈಚೆ ಕೊಡಗು ರಾಜ್ಯ. "ಮಗಳನ್ನ ಪರರಾಜ್ಯಕ್ಕೆ ಕೊಟ್ಬುಟ್ಟ" ಎಂದು ಊರಿನವರು ಅಪ್ಪನನ್ನು ರೇಗಿಸಿದ್ದರು. ಸೇತುವೆ ದಾಟುವಾಗ ನಾನೂ ಏನೋ ಬೇರೆ ಥರ ಇರುತ್ತದೆ ಎಂದು ಕಣ್ಣು ಬಿಟ್ಟು ಕೂತಿದ್ದೆ. ಅದೇ ರಾಗಿ ಹೊಲ, ಅದೇ ಮಾತು, ಅದೇ ಮುದ್ದೆ ಉಪ್ಸಾರು.

ತಾಯಿ ಇಲ್ಲದ ಮನೆಗೆ ಬಾಣಂತನಕ್ಕೆ ಕಳಿಸುವುದು ಹೇಗೆ ಎಂದು ಅತ್ತೆಯೇ ನನ್ನ ಬಾಣಂತನ ಮಾಡಿದರು. ಅವರ ಕೈಯ ಕೆಲಸ ನೋಡುವುದೇ ಒಂದು ಚೆಂದ. ಬೆಳಗಿನ ಕೆಲಸವೆಲ್ಲ ಮುಗಿಸಿ, ಬಚ್ಚಲಿನ ಹಂಡೆಗೆ ಸೌದೆ ತುಂಬಿ, ಸೀರೆಯನ್ನು ಮಂಡಿಯ ಮೇಲಕ್ಕೆ ಸಿಕ್ಕಿಸಿ, ಎರಡು ಕಾಲು ನೀಡಿ ಮಣೆಯ ಮೇಲೆ ಕೂರುತ್ತಿದ್ದರು. ಆ ಕಾಲುಗಳ ಮೇಲೆ ಮಗು. ನೆತ್ತಿಗೆ ಹರಳೆಣ್ಣೆ ತಟ್ಟುವುದು, ಮೂಗನ್ನು ಎರಡು ಬೆರಳಲ್ಲಿ ಹಿಡಿದು ನೀವುವುದು, ಬಲಗೈಗೆ ಎಡಗಾಲು, ಎಡಗೈಗೆ ಬಲಗಾಲು ಮುಟ್ಟಿಸಿ ಬಿಡುವುದು. ಆಮೇಲೆ ಮಗುವನ್ನು ಬೋರಲು ಹಾಕಿ ಬೆನ್ನಿಗೆ ನೀರು ಹೊಯ್ಯುವಾಗ ಅದು ಅಳುವುದನ್ನೇ ಮರೆತು ಕಣ್ಣು ಮುಚ್ಚುತ್ತಿತ್ತು. ಕೊನೆಯಲ್ಲಿ ಕೆಂಡದ ಮೇಲೆ ಸಾಂಬ್ರಾಣಿ, ಒಂದು ಚಿಟಿಕೆ ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ, ಮಗುವನ್ನು ಹೊಗೆಯ ಮೇಲೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ಸಾಣೆಕಲ್ಲಿನ ಮೇಲೆ ಬಜೆ ಎರಡು ಸುತ್ತು ತೇಯ್ದು ನಾಲಿಗೆಗೆ ನೆಕ್ಕಿಸಿದರೆ ಮುಗಿಯಿತು. ಆ ಹೊಗೆಯ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಿದ್ದರೆ ನನ್ನ ಎದೆಯಲ್ಲಿ ಹಾಲು ತೊಟ್ಟಿಕ್ಕಿದ ಹಾಗಾಗುತ್ತದೆ. ಎಂಬತ್ತು ದಾಟಿದ ಮುದುಕಿ ಹೀಗೆ ಹೇಳಬಾರದೇನೋ, ಆದರೆ ನಿಜ.

ಮಗುವಿಗೆ ಮೂರು ತಿಂಗಳಾಗುವ ಹೊತ್ತಿಗೆ ನಮ್ಮವರಿಗೆ ಮೇಷ್ಟರ ಕೆಲಸ ಸಿಕ್ಕಿತು. ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವ ಘಟ್ಟದ ದಾರಿಯಲ್ಲಿ, ರಸ್ತೆಯಿಂದ ಅರ್ಧ ಮೈಲಿ ಒಳಗೆ ಒಂದು ಹಳ್ಳಿ, ಅಲ್ಲೊಂದು ಪ್ರಾಥಮಿಕ ಶಾಲೆ. ನಮ್ಮವರಿಗೆ ಅನ್ನ ಬಸಿಯಲೂ ಬಾರದು. ನಾನು ಹೋಗಲೇಬೇಕಿತ್ತು. ಅತ್ತೆ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದರು.

"ನೀನು ಹೋಗಿ ಅವನಿಗೆ ಬೇಯ್ಸಾಕು. ಕೂಸು ಇಲ್ಲೇ ಇರ್ಲಿ. ಹಸ ಕರೀತೈತೆ, ಹಾಲಿಗೇನು ಬರವಿಲ್ಲ. ನಡೆಯೋ ಹಂಗಾದ್ಮೇಲೆ ಕರ್ಕಂಡೋಗು."

"ಕೂಸು ಬಿಟ್ಟು ನಾನು ಹೋಗಲ್ಲ ಅತ್ತೆ" ಎಂದೆ. ಆ ಮನೆಗೆ ಬಂದ ಮೇಲೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅತ್ತೆ ನನ್ನ ಮುಖವನ್ನೇ ನೋಡಿದರು.

"ನೀರು ಹಾಕಕ್ ಬರದೋಳು ಕೂಸು ಕಟ್ಕಂಡು ಘಟ್ಟಕ್ಕೆ ಹೋಯ್ತಾಳಂತೆ. ಅಲ್ಲಿ ನಿಂಗೆ ಯಾರೈತೆ? ಜ್ವರ ಬಂದ್ರೆ ಯಾರ್ನ ಕೂಗ್ತೀಯ?"

ನಾನು ಮಗುವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಕಡೆಗೆ ಅವರೇ ಹೇಳಿದರು. "ಆಯ್ತು, ತಗಂಡೋಗು. ಯುಗಾದಿಗೆ ಬತ್ತೀರಲ್ಲ, ಆಗ ನೋಡ್ತೀನಿ. ಕೂಸು ಸೊರಗಿದ್ರೆ ಆವತ್ತಿಂದ ಅದು ನನ್ನ ಹತ್ರ. ಆಗ ಅತ್ತು ಕರೆದು ಮಾಡಬಾರ್ದು."

"ಹೂಂ" ಎಂದೆ. ಹೂಂ ಎನ್ನುವುದು ಎಷ್ಟು ಸುಲಭ.

ಹೊಸ ಮನೆ ಎರಡು ಕೋಣೆಯದು. ಮುಂದೆ ಸಗಣಿ ಸಾರಿಸಿದ ಅಂಗಳ, ಅಂಗಳದ ಕೆಳಗೆ ಭತ್ತದ ಗದ್ದೆ, ಗದ್ದೆಯ ಆಚೆ ಇನ್ನೊಂದು ಮನೆ. ಕೂಗಿದರೆ ಕೇಳಿಸುವಷ್ಟು ದೂರ, ಬದುವಿನ ಮೇಲೆ ಸುತ್ತಿಕೊಂಡು ನಡೆದರೆ ಕಾಲು ಗಂಟೆ. ಬೆಳಿಗ್ಗೆ ಒಂಬತ್ತರವರೆಗೆ ಮಂಜು ಎದ್ದು ಹೋಗುತ್ತಿರಲಿಲ್ಲ. ನಮ್ಮವರು ಗಂಜಿ ಕುಡಿದು ಶಾಲೆಗೆ ಹೋದರೆಂದರೆ ಸಂಜೆಯವರೆಗೆ ನಾನು ಮತ್ತು ಮಗು, ಅಷ್ಟೇ.

ಮೊದಲನೆಯ ದಿನ ಅತ್ತೆಯ ಹಾಗೆಯೇ ಸೀರೆ ಸಿಕ್ಕಿಸಿ, ಕಾಲು ನೀಡಿ ಕೂತೆ. ಎಣ್ಣೆ ಹಚ್ಚಿದ ಮಗು ಮೀನಿನ ಹಾಗೆ ಜಾರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಒಂದು ಕೈಯಲ್ಲಿ ಮಗು ಹಿಡಿಯಲೋ, ಚೆಂಬು ಹಿಡಿಯಲೋ ತಿಳಿಯದೆ ನೀರು ಅದರ ಮುಖದ ಮೇಲೇ ಸುರಿಯಿತು. ಉಸಿರು ಕಟ್ಟಿ, ಮುಖ ಕೆಂಪಾಗಿ, ಆಮೇಲೆ ಕಿಟಾರನೆ ಕಿರುಚಿತು. ನಾನೂ ಅತ್ತುಬಿಟ್ಟೆ. ಎರಡನೆಯ ದಿನ ನೀರು ತಣ್ಣಗಾಗಿತ್ತು. ಮೂರನೆಯ ದಿನ ನನ್ನ ಕೈ ನಡುಗಿದ್ದು ನೋಡಿ ನನಗೇ ಹೆದರಿಕೆಯಾಗಿ, ಸುಮ್ಮನೆ ಬಿಸಿ ಬಟ್ಟೆಯಲ್ಲಿ ಒರೆಸಿ ಬಿಟ್ಟೆ. ಆಮೇಲೆ ಒರೆಸುವುದೇ ಅಭ್ಯಾಸವಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ "ಈ ಊರಿನ ಚಳಿಗೆ ದಿನಾ ನೀರು ಹಾಕಬಾರ್ದು" ಎಂದು ನಮ್ಮವರಿಗೆ ಹೇಳಿದೆ. ಅವರು ನಂಬಿದರು. ಗಂಡಸರಿಗೆ ಇಂಥದ್ದನ್ನೆಲ್ಲ ನಂಬಿಸುವುದು ಕಷ್ಟವಲ್ಲ.

ಗದ್ದೆಯಾಚೆಯ ಮನೆಯ ಅಜ್ಜಿ ನಮ್ಮನ್ನು ನೋಡಲು ಬಂದದ್ದು ಆ ವಾರವೇ. ಮಂಡಿನೋವು, ಕೋಲೂರಿಕೊಂಡು ಬದುವಿನ ಮೇಲೆ ನಿಧಾನವಾಗಿ ಬಂದರು. ಸೊಸೆಯ ಕೈಯಲ್ಲಿ ಒಂದು ಸಿಹಿಗುಂಬಳಕಾಯಿ, ಒಂದು ಚೆಂಬು ಹಾಲು. ಅವರು ಅರೆಭಾಷೆಯ ಗೌಡರ ಮನೆಯವರು. ಅವರ ಮಾತು ನಮ್ಮ ಕನ್ನಡದ್ದೇ ಅಕ್ಕತಂಗಿ ಅನ್ನಿ, ನಿಧಾನಕ್ಕೆ ಹೇಳಿದರೆ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಉಳಿದ ಕಾಲು ಪಾಲು ನನಗೆ ನಾನೇ ತುಂಬಿಕೊಳ್ಳುತ್ತಿದ್ದೆ. ಎಡವಿದ್ದು ಆ ಕಾಲು ಪಾಲಿನಲ್ಲಿ.

ಬಾಗಿಲು ಕಿಟಕಿ ಮುಚ್ಚಿ, ಸಾಂಬ್ರಾಣಿ ಹೊಗೆ ತುಂಬಿದ ಕೋಣೆಯಲ್ಲಿ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದ್ದೆ. ಗಾಳಿ ಸೋಕಬಾರದು, ಕಿವಿ ಮುಚ್ಚಿರಬೇಕು ಎಂದು ಅತ್ತೆ ಹೇಳಿದ್ದಷ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ತೊಟ್ಟಿಲಿನ ಕೆಳಗೆ, ಮಗುವಿನ ಬಟ್ಟೆಗಳನ್ನು ತುಂಬಿದ ಗೂಡೆ. ಗೂಡೆ ಎಂದರೆ ನಮ್ಮ ಕಡೆ ಬಿದಿರಿನ ದೊಡ್ಡ ಬುಟ್ಟಿ. ಊರಿಂದ ಬರುವಾಗ ಆ ಗೂಡೆಯಲ್ಲೇ ಸಾಮಾನು ತುಂಬಿ ತಂದಿದ್ದೆವು. ಅಜ್ಜಿ ಒಳಗೆ ಬಂದು, ಕತ್ತಲಲ್ಲಿ ಕಣ್ಣು ಕಿರಿದು ಮಾಡಿ, ತೊಟ್ಟಿಲ ಕಡೆ ಕೈ ತೋರಿಸಿ ಹೇಳಿದರು.

"ಗೂಡೆನ ಹಿಂಗೆ ಕತ್ಲೆಲಿ ಇಡ್ದಲ್ಲ. ದಿನಾ ಬೆಳಗೆ ಎಳೆ ಬಿಸ್ಲಿಗೆ ಇಡೊಕು. ಇಲ್ಲರೆ ಶೀತ ಹಿಡ್ದದೆ."

ನನಗೆ ಸರಿ ಎನ್ನಿಸಿತು. ಆ ಊರಿನಲ್ಲಿ ಎಲ್ಲದಕ್ಕೂ ಶೀತ ಹಿಡಿಯುತ್ತಿತ್ತು. ನಮ್ಮವರ ಚಪ್ಪಲಿ ವಾರದಲ್ಲಿ ಬೆಳ್ಳಗೆ ಬೂಷ್ಟು ಬಂದಿತ್ತು. ಬಿದಿರಿನ ಗೂಡೆಗೂ, ಅದರೊಳಗಿನ ಬಟ್ಟೆಗೂ ಶೀತ ಹಿಡಿಯುವುದರಲ್ಲಿ ಆಶ್ಚರ್ಯವೇನು? ಮಾರನೆಯ ದಿನ ಮಂಜು ಸರಿದ ಕೂಡಲೇ ಗೂಡೆಯನ್ನು ಬಟ್ಟೆ ಸಮೇತ ಅಂಗಳಕ್ಕೆ ತಂದು ಬಿಸಿಲಿಗಿಟ್ಟೆ. ಕಾಗೆ ಹೊಲಸು ಮಾಡಬಾರದೆಂದು ಮೇಲೊಂದು ಬಿಳಿ ಪಂಚೆ ಮುಚ್ಚಿದೆ. ಮಗುವನ್ನು ಒಳಗೆ ಬೆಚ್ಚಗೆ ಸುತ್ತಿ, ಬಾಗಿಲು ಹಾಕಿದೆ.

ಗದ್ದೆಯ ಆಚೆ ಅಜ್ಜಿ ತಮ್ಮ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಕೈ ಎತ್ತಿ, ಹಾಗೆಯೇ, ಹಾಗೆಯೇ ಎಂಬಂತೆ ತಲೆ ಆಡಿಸಿದರು. ನಾನೂ ಕೈ ಎತ್ತಿದೆ. ನನ್ನ ಒಂದು ಕೆಲಸವಾದರೂ ಸರಿಯಾಯಿತಲ್ಲ ಎಂದು ಸಂತೋಷವಾಯಿತು.

ಹೀಗೆ ಹದಿನೈದು ದಿನ ನಡೆಯಿತು. ಅಜ್ಜಿ ಅಲ್ಲಿಂದಲೇ ಕೂಗಿ ಹೇಳುತ್ತಿದ್ದರು. "ಗೂಡೆನ ಆಚೆ ಮಗ್ಲಿಗೆ ತಿರ್ಗ್ಸಿ." ನಾನು ಗೂಡೆಯನ್ನು ತಿರುಗಿಸುತ್ತಿದ್ದೆ. "ಬಿಸ್ಲು ಜೋರಾತ್, ಗೂಡೆನ ಒಳಗೆ ತಕಂಡೋಗಿ." ಒಳಗೆ ತರುತ್ತಿದ್ದೆ. ಒಂದು ದಿನ ಮೋಡ ಕವಿದಿತ್ತು, ನಾನು ಇಡಲಿಲ್ಲ. ಮಧ್ಯಾಹ್ನ ಅವರ ಸೊಸೆ ಸೌದೆಗೆ ಹೋಗುವ ದಾರಿಯಲ್ಲಿ ಬೇಲಿಯ ಹತ್ತಿರ ನಿಂತು, "ಗೂಡೆ ಹುಷಾರುಟ್ಟಾ? ಅತ್ತೆ ಕೇಳಿಕೆ ಹೇಳ್ದೊ" ಎಂದಳು. ಹುಷಾರಾಗಿದೆ ಎಂದೆ. ಸಂಜೆ ನಮ್ಮವರಿಗೆ ಹೇಳಿ ನಕ್ಕೆ. "ಈ ಊರೋರಿಗೆ ಬುಟ್ಟಿ ಮೇಲೆ ಅದೇನು ಪ್ರೀತಿನೋ."

"ಊರಿಗೊಂದು ಪದ್ಧತಿ" ಎಂದರು ನಮ್ಮವರು. ಶಾಲೆಯಲ್ಲಿ ಮಕ್ಕಳ ಬಾಯಲ್ಲಿ ದಿನವೂ ಆ ಮಾತು ಕೇಳುತ್ತಿದ್ದವರು ಅವರು. ಮನೆಯ ಗೂಡೆಗೂ ಶಾಲೆಯ ಗೂಡೆಗೂ ಗಂಟು ಹಾಕಬೇಕು ಎಂದು ಮಾತ್ರ ಹೊಳೆಯಲಿಲ್ಲ. ನಾಲ್ಕು ಜನರಿಗೆ ಪಾಠ ಹೇಳುವ ಮನುಷ್ಯ.

ಇತ್ತ ಮಗು ಸೊರಗುತ್ತಿತ್ತು. ನೆಗಡಿ ಹಿಡಿದು ಬಿಡಲೇ ಇಲ್ಲ. ಮೂಗು ಕಟ್ಟಿ ಹಾಲು ಕುಡಿಯಲು ಆಗುತ್ತಿರಲಿಲ್ಲ. ಎರಡು ಗುಟುಕು ಕುಡಿದು ಬಾಯಿ ಬಿಟ್ಟು ಉಸಿರಾಡಿ ಅಳುತ್ತಿತ್ತು. ಅತ್ತೆಯ ಕೈಯಲ್ಲಿದ್ದಾಗ ತೊಡೆಯಲ್ಲಿ ಮೂರು ಮಡಿಕೆ ಇತ್ತು. ನಾನು ದಿನಾ ಬಟ್ಟೆ ಬದಲಿಸುವಾಗ ಆ ಮಡಿಕೆಗಳನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದೆ. ಮೂರು ಎರಡಾಯಿತು. ಎರಡನೆಯದೂ ಸಡಿಲವಾಯಿತು. ಯುಗಾದಿ ಇನ್ನೂ ದೂರವಿತ್ತು, ಆದರೂ ಅತ್ತೆ ಬಂದು ಬಾಗಿಲಲ್ಲಿ ನಿಂತು ಕೈ ಚಾಚಿದ ಹಾಗೆ ನನಗೆ ಕಾಣುತ್ತಿತ್ತು. ಅವರು ಹೇಳಿದ್ದೇ ಸರಿ, ಈ ಮಗುವನ್ನು ಬೆಳೆಸುವ ಕೈ ನನ್ನದಲ್ಲ ಎನ್ನಿಸಿ, ಒಂದು ದಿನ ನಮ್ಮವರಿಗೆ ಕಾಗದ ಬರೆಯಲು ಹೇಳಬೇಕೆಂದೇ ಇದ್ದೆ.

ಅಂದು ಬೆಳಿಗ್ಗೆ ಗೂಡೆಯನ್ನು ಬಿಸಿಲಿಗಿಟ್ಟು, ಒಳಗೆ ಮಗುವಿಗೆ ಹಾಲು ಕುಡಿಸಲು ಕೂತಿದ್ದೆ. ಹೊರಗೆ ಯಾರೋ ಕಿರುಚಿದರು. ಒಂದೇ ಮಾತು, ಮತ್ತೆ ಮತ್ತೆ. "ಗೂಡೆ, ಅಯ್ಯೊ ಗೂಡೆ, ದನ ಗೂಡೆನ ತುಳ್ದದೆ." ಯಾರದೋ ದನ ಬೇಲಿ ನುಗ್ಗಿರಬೇಕು, ಬಟ್ಟೆ ತಿನ್ನುತ್ತಿರಬೇಕು ಎಂದುಕೊಂಡೆ. ಉಚ್ಚೆ ಬಟ್ಟೆಯ ಉಪ್ಪಿಗೆ ದನ ಬಾಯಿ ಹಾಕುವುದು ಗೊತ್ತಿದ್ದದ್ದೇ. ಮಗುವನ್ನು ಹೆಗಲಿಗೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ನಿಧಾನವಾಗಿಯೇ ಹೊರಗೆ ಬಂದೆ.

ಕಂಡದ್ದು ಇದು. ಒಂದು ಕೆಂದ ಹಸು ಗೂಡೆಯನ್ನು ಕೊಂಬಿನಿಂದ ಮಗುಚಿ, ಬಿಳಿ ಪಂಚೆಯನ್ನು ಬಾಯಲ್ಲಿ ಕಚ್ಚಿ ನಿಂತಿತ್ತು. ಗದ್ದೆಯ ನಡುವೆ ಅಜ್ಜಿ ಓಡಿ ಬರುತ್ತಿದ್ದರು. ಬದುವಿನ ಮೇಲಲ್ಲ. ಬದುವಿನಲ್ಲಿ ಸುತ್ತಿ ಬಂದರೆ ತಡವಾಗುತ್ತದೆಂದು ತೆನೆ ತುಂಬಿ ನಿಂತ ಭತ್ತದ ಒಳಗೇ ನುಗ್ಗಿದ್ದರು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಇನ್ನು ಹತ್ತು ದಿನವಿತ್ತು. ಹೊಸ ತೆನೆಗೆ ಹಬ್ಬದ ಮುಂಚೆ ಕುಡುಗೋಲು ಮುಟ್ಟಿಸದ ಜನ ಅವರು. ಕೋಲು ಎಲ್ಲೋ ಬಿದ್ದುಹೋಗಿತ್ತು. ಎರಡು ಕೈಯಲ್ಲಿ ಭತ್ತವನ್ನು ಈಜಿದ ಹಾಗೆ ತಳ್ಳುತ್ತ, ಬಿದ್ದು, ಎದ್ದು, ಕೆಸರಿನ ಕಾಲಲ್ಲಿ ಅಂಗಳ ಹತ್ತಿದರು. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಲೇ ಇಲ್ಲ. ಮಗುಚಿದ ಗೂಡೆಯ ಮುಂದೆ ಮಂಡಿಯೂರಿ, ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಎತ್ತಿ ಎಸೆದು, ಗೂಡೆಯ ತಳವನ್ನು ಕೈಯಲ್ಲಿ ತಡಕಿದರು.

"ಗೂಡೆ ಎಲ್ಲಿ? ಗೂಡೆ ಎಲ್ಲಿ?"

"ನಿಮ್ ಕೈಲೇ ಐತಲ್ಲ ಅಜ್ಜಿ" ಎಂದೆ ನಾನು.

ಅಜ್ಜಿ ತಲೆ ಎತ್ತಿದರು. ನನ್ನ ಹೆಗಲ ಮೇಲಿನ ಮಗುವನ್ನು ನೋಡಿದರು. ಗೂಡೆಯನ್ನು ನೋಡಿದರು. ಮತ್ತೆ ಮಗುವನ್ನು. ಏದುಸಿರು ಬಿಟ್ಟರು. ಆಮೇಲೆ ಗೂಡೆಯನ್ನು ಒಂದು ಕೈಯಲ್ಲಿ ತಟ್ಟಿ ಹೇಳಿದರು. "ಇದ್ ಕುಕ್ಕೆ. ಗೂಡೆ ಅದ್." ಇನ್ನೊಂದು ಕೈಯ ಬೆರಳು ನನ್ನ ಮಗಳ ಕಡೆ ತೋರಿಸುತ್ತಿತ್ತು.

ಅರೆಭಾಷೆಯಲ್ಲಿ ಗೂಡೆ ಎಂದರೆ ಹೆಣ್ಣುಮಗು.

ಹದಿನೈದು ದಿನ ನಾನು ಬುಟ್ಟಿಗೆ ಎಳೆ ಬಿಸಿಲು ಕಾಯಿಸಿದ್ದೆ, ಮಗುವನ್ನು ಕತ್ತಲಲ್ಲಿ ಕೂಡಿಹಾಕಿದ್ದೆ. ಹದಿನೈದು ದಿನ ಅಜ್ಜಿ ದೂರದಿಂದ ಬಿಳಿ ಪಂಚೆ ಮುಚ್ಚಿದ ಬುಟ್ಟಿಯನ್ನು ನೋಡಿ, ಒಳಗೆ ಮಗು ಮಲಗಿದೆ ಎಂದುಕೊಂಡು ನೆಮ್ಮದಿಯಾಗಿದ್ದರು. ಇದೆಲ್ಲ ನನ್ನ ತಲೆಗೆ ಇಳಿಯುವ ಹೊತ್ತಿಗೆ ಅಜ್ಜಿ ನೆಲದ ಮೇಲೆ ಕುಸಿದು ಕೂತು ನಗಲು ಶುರುಮಾಡಿದ್ದರು. ನಗುತ್ತ ನಗುತ್ತ ಅತ್ತರು. ನಾನೂ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ನನ್ನ ಅಮ್ಮ ಸತ್ತ ಮೇಲೆ ನನಗಾಗಿಯಾಗಲಿ, ನನ್ನದೊಂದಕ್ಕಾಗಿಯಾಗಲಿ ಯಾರೂ ಹಾಗೆ ಓಡಿ ಬಂದಿರಲಿಲ್ಲ. ಅದನ್ನು ಅವರಿಗೆ ಹೇಳಬೇಕೆಂದರೂ ಬಾಯಿ ಬರಲಿಲ್ಲ. ಹಸು ಮಾತ್ರ ಪಂಚೆಯ ಅಂಚನ್ನು ನೆಮ್ಮದಿಯಾಗಿ ಅಗಿಯುತ್ತಿತ್ತು.

ಗದ್ದೆಯ ನಡುವೆ ಅಜ್ಜಿ ಓಡಿ ಬಂದ ದಾರಿ ಕುಯ್ಲಿನವರೆಗೂ ಹಾಗೆಯೇ ಇತ್ತು. ನಮ್ಮ ಅಂಗಳದಿಂದ ಅವರ ಜಗಲಿಯವರೆಗೆ ಭತ್ತ ಮಲಗಿದ ಒಂದು ಗೆರೆ.

ಮಾರನೆಯ ದಿನದಿಂದ ಅಜ್ಜಿ ಬೆಳಿಗ್ಗೆ ಬೆಳಿಗ್ಗೆಯೇ ಬರತೊಡಗಿದರು. ಮೊದಲು ಕಿಟಕಿ ತೆಗೆಸಿದರು. ಮಗುವಿನ ಬಟ್ಟೆ ಬಿಚ್ಚಿ, ಮೈಗೆ ತೆಂಗಿನೆಣ್ಣೆ ಹಚ್ಚಿ, ಕಣ್ಣಿಗೆ ಬಿಸಿಲು ಹೊಡೆಯದ ಹಾಗೆ ತಮ್ಮ ಸೆರಗು ಅಡ್ಡ ಹಿಡಿದು, ಚಾಪೆಯ ಮೇಲೆ ಮಲಗಿಸಿದರು. ಬೋರಲು, ಅಂಗಾತ, ಈ ಮಗ್ಗುಲು, ಆ ಮಗ್ಗುಲು. ಅವರು ದೂರದಿಂದ ಕೂಗಿದ್ದೆಲ್ಲ ಏನೆಂದು ಆಗ ತಿಳಿಯಿತು. ನೀರು ಹಾಕುವುದನ್ನು ಮಾತ್ರ ಅವರು ಮಾಡಲಿಲ್ಲ. ನನ್ನನ್ನೇ ಮಣೆಯ ಮೇಲೆ ಕೂರಿಸಿ, ಎದುರಿಗೆ ಕೂತರು.

"ಹೆದರಿದ ಕೈ ಅಂತ ಗೂಡೆಗೆ ಗೊತ್ತಾದೆ" ಎಂದರು. "ನೀರು ಹಾಕುವಾಗ ಮಾತಾಡ್ತಾ ಇರೊಕು. ಬಾಯಿ ಮಾತಾಡ್ತಾ ಇದ್ದರೆ ಕೈ ನಡ್ಗುದಿಲ್ಲೆ."

"ಏನು ಮಾತಾಡ್ಲಿ ಅಜ್ಜಿ? ಕೂಸಿಗೆ ಏನು ತಿಳಿಯುತ್ತೆ?"

"ತಿಳಿಯದ್ದಕ್ಕೇ ಎಂತ ಬೇಕಾರೂ ಹೇಳಕ್."

ನನಗೆ ಜೋಗುಳ ಬರುತ್ತಿರಲಿಲ್ಲ. ಹೇಳಿಕೊಡಲು ಯಾರಿದ್ದರು? ಮನಸ್ಸಿನಲ್ಲಿ ತುಂಬಿಕೊಂಡಿದ್ದದ್ದು ಒಂದೇ. ಮೊದಲ ಚೆಂಬು ನೀರು ಎತ್ತಿ, "ನೋಡು, ನಿಮ್ಮಜ್ಜಿ ಅಂದ್ರೆ ಸಾಮಾನ್ಯ ಅಂದ್ಕಬೇಡ" ಎಂದು ಶುರುಮಾಡಿದೆ. ಆಮೇಲೆ ನಿಲ್ಲಿಸಲು ಆಗಲಿಲ್ಲ. ನನ್ನ ಅತ್ತೆ ಮೂರು ತಿಂಗಳು ಮಗುವನ್ನು ಕೊಡದೆ ಇದ್ದದ್ದು, ನನ್ನ ಮುದ್ದೆಯಲ್ಲಿ ಗಂಟು ಹುಡುಕಿದ್ದು, ಹಾಲಿಗೆ ಬರವಿಲ್ಲ ಎಂದು ನನ್ನ ಮುಖದ ಮೇಲೇ ಅಂದದ್ದು, ಎಲ್ಲವನ್ನೂ ಹೇಳುತ್ತ ಹೇಳುತ್ತ ಎಣ್ಣೆ ತೊಳೆದೆ, ಬೆನ್ನು ತೊಳೆದೆ, ಹಣೆಗೆ ಅಂಗೈ ಅಡ್ಡ ಹಿಡಿದು ತಲೆಗೆ ನೀರು ಹಾಕಿದೆ. ಮುಗಿಯುವಾಗ ನೋಡುತ್ತೇನೆ, ಮಗು ಬಾಯಿ ತೆರೆದು ನನ್ನ ಮುಖವನ್ನೇ ನೋಡುತ್ತಿದೆ. ಅಳುವೇ ಇಲ್ಲ. ಮುಂದೆ ತಿಂಗಳುಗಟ್ಟಲೆ ನಮ್ಮ ಬಚ್ಚಲಿನಲ್ಲಿ ಅತ್ತೆಯ ದೂರು ದಿನಾ ಒಂದು ಅಧ್ಯಾಯದಂತೆ ನಡೆಯಿತು. ಮಗಳು ಅದನ್ನು ಕೇಳಿಕೊಂಡೇ ದುಂಡಗಾದಳು.

ಆ ದಿನಗಳನ್ನು ಈಗ ನೆನೆದರೆ ಬೇರೆ ಎಲ್ಲ ಮರೆತು ಬೆಳಗಿನ ಹೊತ್ತೊಂದೇ ನೆನಪಾಗುತ್ತದೆ. ಮಂಜು ಸರಿಯುವುದನ್ನು ಕಾಯುವುದು, ಚಾಪೆ ಹಾಸುವುದು, ಅಜ್ಜಿಯ ಕೋಲಿನ ಸದ್ದು, ಎಣ್ಣೆ ಹಚ್ಚಿದ ಪುಟ್ಟ ಬೆನ್ನಿನ ಮೇಲೆ ಬಿಸಿಲು. ಸಂಕ್ರಾಂತಿ ಕಳೆದ ಮೇಲೆ ರಾಗಿ ನೆನೆಹಾಕಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಸರಿ ಹಿಟ್ಟು ಮಾಡಿದೆ. ಅದನ್ನು ಬೇಯಿಸಿ ತಿನ್ನಿಸಿದರೆ ಅರ್ಧ ಹೊಟ್ಟೆಗೆ, ಅರ್ಧ ಕುತ್ತಿಗೆಗೆ. ಅಜ್ಜಿ ಅದಕ್ಕೆ ರಾಗಿ ಮಣ್ಣಿ ಎನ್ನುತ್ತಿದ್ದರು. ಇನ್ನು ಯಾವ ಪದವನ್ನೂ ಕೇಳದೆ ನಂಬುವುದಿಲ್ಲ ಎಂದು ನಾನು ಎರಡೆರಡು ಸಲ ಕೇಳಿ ತಿಳಿದುಕೊಂಡೆ. ನನಗೇ ತಿಳಿಯದ ಹಾಗೆ ಮಗಳನ್ನು ಗೂಡೆ ಎಂದು ಕರೆಯಲು ಕಲಿತಿದ್ದೆ.

ಯುಗಾದಿಗೆ ಹೊರಟೆವು. ಮಡಿಕೇರಿಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನ ಊರು ಸೇರಿದೆವು. ಅತ್ತೆ ಬಾಗಿಲಲ್ಲೇ ಮಗುವನ್ನು ತೆಗೆದುಕೊಂಡರು. ದೃಷ್ಟಿ ತೆಗೆದರು. ಜಗಲಿಯಲ್ಲಿ ಕೂತು, ಲಂಗ ಸರಿಸಿ, ತೊಡೆಯ ಮಡಿಕೆಗಳನ್ನು ಬೆರಳಲ್ಲಿ ಮುಟ್ಟಿದರು. ನಾನು ಮುಟ್ಟುತ್ತಿದ್ದ ಹಾಗೆಯೇ. ಮೂರು ಇದ್ದವು. ನಾನು ಮನೆಯಲ್ಲೇ ಎಣಿಸಿಕೊಂಡು ಬಂದಿದ್ದೆ. ಅತ್ತೆ ಚೆನ್ನಾಗಿದೆ ಎನ್ನಲಿಲ್ಲ, ಸೊರಗಿದೆ ಎನ್ನಲೂ ಇಲ್ಲ.

"ನಾಳೆ ನೀರು ನೀನೇ ಹಾಕು, ನೋಡಾಣ" ಎಂದರು.

ಮಾರನೆಯ ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ಅತ್ತೆ ಕೂತರು. ಅವರದೇ ಮಣೆ, ಅವರದೇ ಹಂಡೆ. ಕಾಲ ಮೇಲೆ ಮಗುವನ್ನು ಹಾಕಿಕೊಂಡು, ಚೆಂಬು ಎತ್ತಿ, ಅಭ್ಯಾಸದಂತೆ ಬಾಯಿ ತೆರೆದೆ. ಆಗ ಹೊಳೆಯಿತು. ನನಗೆ ಬರುತ್ತಿದ್ದ ಮಾತು ಒಂದೇ, ಅದು ಎದುರಿಗೆ ಕೂತವರ ಮೇಲಿನ ದೂರು. ಬಾಯಿ ಮುಚ್ಚಿದೆ. ಕೈ ನಡುಗಲು ಶುರುವಾಯಿತು. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು. ಮಗು ಮುಖ ಸೊಟ್ಟ ಮಾಡಿತು, ಇನ್ನೇನು ಅಳಬೇಕು.

"ಗೂಡೆ" ಎಂದೆ. "ನಿಂಗೊಂದು ಕಥೆ ಹೇಳ್ತೀನಿ ಕೇಳು."

ಬುಟ್ಟಿಯ ಕಥೆಯನ್ನೇ ಹೇಳಿದೆ. ಒರೆಸಿ ಒರೆಸಿ ಮಗುವನ್ನು ಸೊರಗಿಸಿದ್ದನ್ನೂ ಬಿಡಲಿಲ್ಲ. ಬುಟ್ಟಿಯನ್ನು ಮಗ್ಗುಲು ತಿರುಗಿಸಿದ್ದು, ಹಸು ಬಂದದ್ದು, ಗದ್ದೆಯಲ್ಲಿ ಅಜ್ಜಿ ಬಿದ್ದು ಎದ್ದು ಬಂದದ್ದು, ಗೂಡೆಯ ತಳ ತಡಕಿದ್ದು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಅತ್ತೆ ನಗುತ್ತಾರೆ ಎಂದುಕೊಂಡಿದ್ದೆ, ಇಲ್ಲವೇ ಬೈಯುತ್ತಾರೆ. ಎರಡೂ ಮಾಡಲಿಲ್ಲ.

"ಬದುವಿನ ಮ್ಯಾಲೆ ಬರ್ಲಿಲ್ವಾ?" ಎಂದು ಕೇಳಿದರು.

"ಇಲ್ಲ ಅತ್ತೆ. ಗದ್ದೆ ಒಳಗೇ ಬಂದ್ರು."

"ತೆನೆ ಬಂದಿತ್ತಾ?"

"ಹೂಂ. ತುಂಬಿತ್ತು."

"ಅವರದ್ದೇ ಗದ್ದೆನಾ?"

"ಹೂಂ ಅತ್ತೆ."

ಅತ್ತೆ ಹುಟ್ಟಿದಾಗಿನಿಂದ ಬೇಸಾಯದ ಮನೆಯಲ್ಲಿ ಬಾಳಿದವರು. ತೆನೆಯ ಮೇಲೆ ಕಾಲಿಡುವುದು ಎಂದರೇನು ಎಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ಎದ್ದು ಒಳಗೆ ಹೋದರು. ಹೊಗೆಗೆ ಕೆಂಡ ತಂದು ನನ್ನ ಪಕ್ಕದಲ್ಲಿಟ್ಟರು.

ಆದರೆ ಮಗುವನ್ನು ಬಿಡುತ್ತೇನೆ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಹಬ್ಬದ ಮೂರು ದಿನವೂ ಮಗು ಅವರ ಸೊಂಟದ ಮೇಲೆಯೇ. ಬೇವು ಬೆಲ್ಲ ತಿನ್ನುವಾಗಲೂ ನೆಕ್ಕಿಸಿದರು, ಕಹಿಗೆ ಅದು ಮುಖ ಕಿವುಚಿದರೆ ನಕ್ಕರು. ಅವರ ಕುತ್ತಿಗೆಗೆ ಕೈ ಹಾಕಿ ಅದೂ ನಗುತ್ತಿತ್ತು. ನೋಡಿ ನನಗೆ ಹೊಟ್ಟೆ ಉರಿಯಿತು ಎಂದೇ ಹೇಳಬೇಕು. ಕೇಳೋಣವೆಂದರೆ ಧೈರ್ಯ ಬರಲಿಲ್ಲ. ಕೇಳಿದರೆ ತಾನೇ ಇಲ್ಲ ಎನ್ನುವುದು.

ಹೊರಡುವ ದಿನ ಅತ್ತೆ ರಸ್ತೆಯವರೆಗೆ ಬಂದರು, ಮಗುವನ್ನು ಎತ್ತಿಕೊಂಡೇ. ಒಂದು ಹೊಸ ಬಿದಿರಿನ ಗೂಡೆ ತುಂಬ ಕಟ್ಟಿಕೊಟ್ಟಿದ್ದರು. ಸರಿ ಹಿಟ್ಟು, ಬಜೆಯ ಬೇರು, ತಮ್ಮ ಹಳೆಯ ಮೆತ್ತನೆಯ ಸೀರೆಯನ್ನು ಹರಿದ ಬಟ್ಟೆಗಳು, ಬೇರೆ ಗಂಟಿನಲ್ಲಿ ಅವರೆಕಾಳು, ಎರಡು ಅಚ್ಚು ಬೆಲ್ಲ. "ಆ ಗಂಟು ಆ ಅಜ್ಜಿಗೆ ಕೊಡು" ಎಂದರು. ಅಷ್ಟೇ ಮಾತು. ಬಸ್ಸು ಬಂತು. ನಮ್ಮವರು ಟ್ರಂಕು ಮೇಲೆ ಹಾಕಿಸಲು ಹೋದರು. ನಾನು ಗೂಡೆ ಎತ್ತಿ ಸೊಂಟಕ್ಕಿಟ್ಟುಕೊಂಡೆ. ಅತ್ತೆಯ ಕೈ ಸಡಿಲವಾಗಲಿಲ್ಲ. ಕಂಡಕ್ಟರು ಹತ್ತಿ ಹತ್ತಿ ಎನ್ನುತ್ತಿದ್ದ. ಕೊಟ್ಟ ಮಾತಿನಂತೆ ಅಳಬಾರದು ಎಂದು ತುಟಿ ಕಚ್ಚಿ, ಮಗುವಿನ ಮುಖ ನೋಡದೆ ಮೆಟ್ಟಿಲ ಮೇಲೆ ಕಾಲಿಟ್ಟೆ.

"ಗೂಡೆ ಬಿಟ್ಟು ಹೋಯ್ತಿದೀಯಲ್ಲೇ" ಎಂದರು ಅತ್ತೆ ಹಿಂದಿನಿಂದ.

ನನಗೆ ಎಲ್ಲಿತ್ತು ಬುದ್ಧಿ. ಸೊಂಟದ ಮೇಲಿನ ಬುಟ್ಟಿಯನ್ನು ತೋರಿಸಿ, "ತಗಂಡಿದೀನಿ ಅತ್ತೆ" ಎಂದೆ.

"ಆ ಗೂಡೆ ಅಲ್ಲ ಕಣೆ" ಎಂದರು. ಮಗಳನ್ನು ನನ್ನ ಕೈಗೆ ಹಾಕಿದರು.

ಬಸ್ಸು ಹೊರಟಿತು. ಒಂದು ಗೂಡೆ ಕಾಲ ಬಳಿ, ಒಂದು ಗೂಡೆ ತೊಡೆಯ ಮೇಲೆ. ತಿರುಗಿ ನೋಡಿದರೆ ಅತ್ತೆ ರಸ್ತೆಯ ಬದಿಯಲ್ಲೇ ನಿಂತಿದ್ದರು. ಕೈ ಬೀಸಲಿಲ್ಲ. ಅವರ ತೋಳುಗಳು ಮಗುವನ್ನು ಹಿಡಿದ ಹಾಗೆಯೇ ಇನ್ನೂ ಮಡಚಿಕೊಂಡಿದ್ದವು.